ಪೆಡಲ್ ಸ್ಟೀಲ್ ಗಿಟಾರ್: ಹಳೆಯ ಮಾದರಿ, ಹೊಸ ಮಾದರಿ ಮತ್ತು ಸಣ್ಣ ಉದ್ಯಮಕ್ಕೊಂದು ಪಾಠ

ಯಂತ್ರೋಪಕರಣಗಳ ಮಾರುಕಟ್ಟೆಯಲ್ಲಿ ಹೊಸ ಮಾದರಿಯೊಂದು ಬಂದೊಡನೆ ಹಳೆಯದು ಗುಜರಿಯ ದಾರಿ ಹಿಡಿಯುವುದು ವಾಡಿಕೆ. ಈ ವಾಡಿಕೆಗೆ ಹೊರತಾದ ಉತ್ಪನ್ನಗಳು ವಿರಳವಾಗಿದ್ದರೂ ಅವುಗಳ ಅಧ್ಯಯನದಿಂದ ತಯಾರಕರಿಗೆ ಹೆಚ್ಚಿನ ಲಾಭವುಂಟು. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಅಂತಹ ಒಂದು ಉತ್ಪನ್ನ. 1960ರ ದಶಕದಲ್ಲಿ ತಯಾರಾದ ವಾದ್ಯಗಳು ಇಂದಿಗೂ ವೇದಿಕೆಯ ಮೇಲೆ ದುಡಿಯುತ್ತಿವೆ. ಸಿಎನ್‌ಸಿ ಯಂತ್ರಗಳಲ್ಲಿ ಕಡೆದ ಹೊಸ ವಾದ್ಯಗಳೊಡನೆ ಸ್ಪರ್ಧಿಸುತ್ತಲೂ ಇವೆ. ಇದನ್ನು ತಯಾರಿಸುವವರು ಬಹುತೇಕ ಸಣ್ಣ ಕಾರ್ಖಾನೆಗಳವರೇ ಆದುದರಿಂದ, ಹಳೆಯ ಮತ್ತು ಹೊಸ ಮಾದರಿಗಳ ವಿನ್ಯಾಸದ ಅಂತರವನ್ನು ಅರಿಯುವುದು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೂ ಉಪಯುಕ್ತವಾದೀತು.

ವಾದ್ಯದ ಸ್ವರೂಪ

ಹೆಸರು ಗಿಟಾರ್ ಎಂದಿದ್ದರೂ ಇದು ಎದೆಗಾನಿಸಿ ನುಡಿಸುವ ವಾದ್ಯವಲ್ಲ. ನಾಲ್ಕು ಕಾಲುಗಳ ಮೇಲೆ ಮೇಜಿನಂತೆ ನಿಲ್ಲುವ ಮರದ ಒಡಲು, ಅದರ ಮೇಲೆ ಸಾಮಾನ್ಯವಾಗಿ ಹತ್ತು ತಂತಿಗಳು. ವಾದಕನು ಎಡಗೈಯಲ್ಲಿ ಉಕ್ಕಿನ ದುಂಡು ಕೋಲನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾನೆ. ಬಲಗೈ ಬೆರಳುಗಳಿಂದ ಮೀಟುತ್ತಾನೆ. ನಮ್ಮ ಚಿತ್ರವೀಣೆ ಅಥವಾ ಗೋಟುವಾದ್ಯವನ್ನು ಕಂಡವರಿಗೆ ಈ ಕ್ರಮ ಅಪರಿಚಿತವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆದ ಈ ವಾದನಕ್ರಮದ ಜನಕನೆಂಬ ಶ್ರೇಯಸ್ಸು ಸಾಮಾನ್ಯವಾಗಿ ಜೋಸೆಫ್ ಕೆಕುಕು ಎಂಬವರಿಗೆ ಸಲ್ಲುತ್ತದೆ.

ಜಾರುಕೋಲಿಗೆ ಒಂದು ಮಿತಿಯಿದೆ. ನೇರವಾದ ಕೋಲು ಎಲ್ಲ ತಂತಿಗಳನ್ನೂ ಒಂದೇ ಅಳತೆಯಲ್ಲಿ ಏರಿಸುತ್ತದೆ ಅಥವಾ ಇಳಿಸುತ್ತದೆ. ಆದ್ದರಿಂದ ತಂತಿಗಳ ಮೂಲ ಶ್ರುತಿಯಲ್ಲಿ ಅಡಗಿರುವ ಸ್ವರಮೇಳಗಳನ್ನು ಬಿಟ್ಟು ಬೇರೆಯವನ್ನು ಪಡೆಯುವುದು ಕಷ್ಟ. ಇದಕ್ಕೆ ದೊರೆತ ಯಾಂತ್ರಿಕ ಪರಿಹಾರವೇ ಪೆಡಲ್. ಕಾಲಿನಿಂದ ಪೆಡಲ್ ಒತ್ತಿದಾಗ ಅಥವಾ ಮೊಣಕಾಲಿನಿಂದ ಸನ್ನೆಯನ್ನು ಸರಿಸಿದಾಗ, ಗೊತ್ತಾದ ಒಂದೆರಡು ತಂತಿಗಳು ಮಾತ್ರ ಗೊತ್ತಾದ ಪ್ರಮಾಣದಲ್ಲಿ ಬಿಗಿಯುತ್ತವೆ ಅಥವಾ ಸಡಿಲುತ್ತವೆ. ಹೀಗಾಗಿ ಪೆಡಲ್ ಸ್ಟೀಲ್ ಗಿಟಾರಿನ ಹೊರಗೆ ಸಂಗೀತವಿದ್ದರೆ, ಒಳಗಿರುವುದು ಸನ್ನೆ, ಸರಳು ಮತ್ತು ಸ್ಪ್ರಿಂಗುಗಳ ಒಂದು ಸೂಕ್ಷ್ಮ ಯಂತ್ರ.

ಮೊದಲ ತಲೆಮಾರು

1940ರ ಆಸುಪಾಸಿನಲ್ಲಿ ಮಿಷಿಗನ್ ರಾಜ್ಯದ ಗಿಬ್ಸನ್ ಸಂಸ್ಥೆಯು ಎಲೆಕ್ಟ್ರಾಹಾರ್ಪ್ ಎಂಬ ಮಾದರಿಯನ್ನು ಹೊರತಂದಿತು. ಅದರ ಪೆಡಲುಗಳು ಎಡಬದಿಯ ಹಿಂದಿನ ಕಾಲಿನ ಬುಡದಲ್ಲಿ ಬೀಸಣಿಗೆಯಂತೆ ಹರಡಿದ್ದವು. ಕ್ಯಾಲಿಫೋರ್ನಿಯಾದ ಕುಶಲಕರ್ಮಿ ಪಾಲ್ ಬಿಗ್ಸ್‌ಬಿ ಅವರು ಎರಡು ಮುಂಗಾಲುಗಳ ನಡುವೆ ಅಡ್ಡಪಟ್ಟಿಯನ್ನು ಜೋಡಿಸಿ, ಪೆಡಲುಗಳನ್ನು ಅದರ ಮೇಲೆ ಸಾಲಾಗಿ ಇರಿಸಿದರು. 1948ರಲ್ಲಿ ವಾದಕ ಸ್ಪೀಡಿ ವೆಸ್ಟ್ ಅವರಿಗೆ ಬಿಗ್ಸ್‌ಬಿ ಮಾಡಿಕೊಟ್ಟ ವಾದ್ಯವು ಪ್ರಸಿದ್ಧವಾಯಿತು. ಇಂದಿನ ವಾದ್ಯಗಳಲ್ಲೆಲ್ಲ ಕಾಣುವುದು ಈ ಅಡ್ಡಪಟ್ಟಿಯ ವ್ಯವಸ್ಥೆಯೇ.

ಬೇಡಿಕೆಯ ದಿಕ್ಕನ್ನು ಬದಲಿಸಿದುದು ಮಾತ್ರ ತಯಾರಕರಲ್ಲ, ಒಬ್ಬ ಬಳಕೆದಾರ. ಅಲ್ಲಿಯವರೆಗೆ ವಾದಕರು ಸ್ವರಗಳ ನಡುವಣ ಬಿಡುವಿನಲ್ಲಿ ಶ್ರುತಿ ಬದಲಿಸಲು ಪೆಡಲ್ ಒತ್ತುತ್ತಿದ್ದರು. 1953ರ ನವೆಂಬರಿನಲ್ಲಿ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಎಂಬ ಹಾಡಿನ ಧ್ವನಿಮುದ್ರಣದಲ್ಲಿ ಬಡ್ ಐಸಾಕ್ಸ್ ಅವರು ತಂತಿಗಳು ಮಿಡಿಯುತ್ತಿರುವಾಗಲೇ ಪೆಡಲನ್ನು ಒತ್ತಿದರು. ಒಂದು ಸ್ವರ ನಿಂತಿರುವಂತೆಯೇ ಇನ್ನೊಂದು ಬಾಗಿ ಮೇಲೇರುವ ಆ ಧ್ವನಿಯನ್ನು 1954ರಲ್ಲಿ ಕೇಳಿದ ವಾದಕರಿಗೆಲ್ಲ ಪೆಡಲ್ ಬೇಕೆನಿಸಿತು. ಅಂದಿನಿಂದ ಪೆಡಲಿನ ಚಲನೆಯೇ ಶ್ರೋತೃವಿನ ಕಿವಿಗೆ ಬೀಳುವಂತಾಯಿತು. ಪೆಡಲ್ ನುಣುಪಾಗಿ ಚಲಿಸಬೇಕು, ಶಬ್ದ ಮಾಡಬಾರದು, ಪ್ರತಿ ಬಾರಿಯೂ ಅದೇ ಸ್ವರಕ್ಕೆ ತಲುಪಬೇಕು ಎಂಬ ಹೊಸ ಗುಣಮಟ್ಟ ನಿರ್ಮಾಣವಾಯಿತು.

ಕೇಬಲಿನಿಂದ ಸರಳಿಗೆ

1950ರ ದಶಕದ ಕೊನೆಯಲ್ಲಿ ಫೆಂಡರ್ ಸಂಸ್ಥೆಯು 400 ಮತ್ತು 1000 ಎಂಬ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಇವುಗಳಲ್ಲಿ ಪೆಡಲಿನ ಎಳೆತವು ಕೇಬಲುಗಳ ಮೂಲಕ, ರಾಟೆಗಳನ್ನು ಹಾಯ್ದು ತಂತಿಯ ಕೊನೆಗೆ ತಲುಪುತ್ತಿತ್ತು. ಯಾವ ಪೆಡಲಿಗೆ ಯಾವ ತಂತಿ ಎಂಬುದನ್ನು ವಾದಕನೇ ಕೊಂಡಿಗಳನ್ನು ಬದಲಿಸಿ ಗೊತ್ತುಮಾಡಿಕೊಳ್ಳಬಹುದಾಗಿದ್ದುದು ಇದರ ಹೆಚ್ಚುಗಾರಿಕೆ. ಆದರೆ ಪ್ರತಿ ಕೊರಳಿನಲ್ಲಿ ಎಂಟೇ ತಂತಿಗಳಿದ್ದವು, ಮೊಣಕಾಲು ಸನ್ನೆಗಳಿರಲಿಲ್ಲ, ಕೇಬಲಿಗೆ ಹಿಗ್ಗುವ ಸ್ವಭಾವವೂ ಇತ್ತು.

ನ್ಯಾಶ್‌ವಿಲ್ ನಗರದಲ್ಲಿ ಶಾಟ್ ಜ್ಯಾಕ್ಸನ್ ಮತ್ತು ಬಡ್ಡಿ ಎಮನ್ಸ್ ಎಂಬ ಇಬ್ಬರು ವಾದಕರು 1950ರ ದಶಕದ ಮಧ್ಯಭಾಗದಲ್ಲಿ ಷೋ-ಬಡ್ ಸಂಸ್ಥೆಯನ್ನು ಆರಂಭಿಸಿದರು. ಸಂಸ್ಥೆಯ ಹೆಸರು ಇಬ್ಬರ ಹೆಸರುಗಳ ಜೋಡಣೆ. ಮುಂದೆ ಎಮನ್ಸ್ ಅವರು ಅಲ್ಲಿಂದ ಹೊರಬಂದು, ರಾನ್ ಲ್ಯಾಶ್ಲಿ ಅವರೊಡಗೂಡಿ ಉತ್ತರ ಕ್ಯಾರೊಲಿನಾದ ಬರ್ಲಿಂಗ್ಟನ್‌ನಲ್ಲಿ ಸ್ವಂತ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. 1960ರ ದಶಕದಲ್ಲಿ ಅಲ್ಲಿಂದ ಹೊರಬಂದುದೇ ‘ಪುಷ್-ಪುಲ್’ ಎಂದು ಹೆಸರಾದ ಮಾದರಿ.

ಹೆಸರೇ ಹೇಳುವಂತೆ, ಈ ಮಾದರಿಯಲ್ಲಿ ಸ್ವರವನ್ನು ಏರಿಸಲು ಲೋಹದ ಸರಳು ಎಳೆಯುತ್ತದೆ; ಇಳಿಸಲು ತಳ್ಳುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ತಂತಿಯನ್ನು ಹೊತ್ತ ಲೋಹದ ಬೆರಳು ಗಟ್ಟಿಯಾದ ತಡೆಗೆ ಒರಗಿ ನಿಂತಿರುತ್ತದೆ. ತಂತಿಯ ಕಂಪನವು ಒಡಲಿಗೆ ನೇರವಾಗಿ ಹರಿಯುವುದರಿಂದ ನಾದಕ್ಕೆ ವಿಶೇಷವಾದ ತುಂಬು ಬರುತ್ತದೆ ಎಂಬುದು ವಾದಕರ ಅಭಿಮತ. ಅನನುಕೂಲವೂ ಅದೇ ರಚನೆಯಲ್ಲಿದೆ. ಒಂದೇ ತಂತಿಯನ್ನು ಒಂದು ಪೆಡಲಿನಿಂದ ಏರಿಸಿ ಮತ್ತೊಂದು ಸನ್ನೆಯಿಂದ ಇಳಿಸಬೇಕಾದಾಗ ಹೊಂದಾಣಿಕೆ ಕ್ಲಿಷ್ಟವಾಗುತ್ತದೆ. ಒಂದು ತಿದ್ದುಪಡಿ ಮತ್ತೊಂದನ್ನು ಕದಲಿಸುತ್ತದೆ. ಈ ವಾದ್ಯವನ್ನು ಸರಿಪಡಿಸಲು ಪಳಗಿದ ಕೈಯೇ ಬೇಕು.

ಎಲ್ಲವೂ ಎಳೆತವೇ

ಇಂದಿನ ವಾದ್ಯಗಳಲ್ಲಿ ಸಾಮಾನ್ಯವಾಗಿರುವ ವ್ಯವಸ್ಥೆಗೆ ‘ಆಲ್-ಪುಲ್’ ಎಂದು ಹೆಸರು. ಇಲ್ಲಿ ಏರಿಕೆಗೂ ಇಳಿಕೆಗೂ ಸರಳು ಎಳೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಪ್ರತಿ ತಂತಿಯ ಕೊನೆಯಲ್ಲಿ ಕತ್ತರಿಯಂತೆ ಕೀಲಿಸಿದ ಎರಡು ಬೆರಳುಗಳಿದ್ದು, ಒಂದನ್ನು ಎಳೆದರೆ ತಂತಿ ಬಿಗಿಯುತ್ತದೆ, ಇನ್ನೊಂದನ್ನು ಎಳೆದರೆ ಸಡಿಲುತ್ತದೆ. ಕಾಲನ್ನು ತೆಗೆದಾಗ ಸ್ಪ್ರಿಂಗುಗಳು ಅದನ್ನು ಮೂಲಸ್ಥಾನಕ್ಕೆ ತರುತ್ತವೆ. ವಾದ್ಯದ ಬಲಬದಿಯ ಫಲಕದಲ್ಲಿ ನೈಲಾನಿನ ಸಣ್ಣ ನಟ್ಟುಗಳ ಸಾಲಿರುತ್ತದೆ. ಪ್ರತಿ ಸರಳಿಗೆ ಒಂದು ನಟ್ಟು. ಪ್ರತಿ ಬದಲಾವಣೆಯನ್ನೂ ಪ್ರತ್ಯೇಕವಾಗಿ ಶ್ರುತಿಗೊಳಿಸಬಹುದು. ಎಮನ್ಸ್ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ಲೆಗ್ರಾಂಡ್ ಎಂಬ ಮಾದರಿಯ ಮೂಲಕ ಈ ಪದ್ಧತಿಯನ್ನು ಒಪ್ಪಿಕೊಂಡಿತು ಎಂಬುದು ಗಮನಾರ್ಹ.

ಸರಳನ್ನು ಪೆಡಲಿನ ಅಕ್ಷದಂಡಕ್ಕೆ ಜೋಡಿಸುವ ಬೆಲ್ ಕ್ರ್ಯಾಂಕ್ ಎಂಬ ಬಿಡಿಭಾಗದಲ್ಲಿಯೂ ಪ್ರಗತಿಯಾಗಿದೆ. ಹಳೆಯವುಗಳಲ್ಲಿ ಸರಳಿನ ಸ್ಥಾನವನ್ನು ಬದಲಿಸಲು ಅವಕಾಶ ಕಡಿಮೆ. ಹೊಸತರಲ್ಲಿ ಹಲವು ರಂಧ್ರಗಳು ಅಥವಾ ಕಚ್ಚುಗಳಿರುತ್ತವೆ. ಅಕ್ಷದಿಂದ ದೂರದ ರಂಧ್ರವನ್ನು ಆರಿಸಿದರೆ ಪೆಡಲಿನ ಚಲನೆ ಕಡಿಮೆ, ಒತ್ತುವ ಬಲ ಹೆಚ್ಚು. ಹತ್ತಿರದ್ದನ್ನು ಆರಿಸಿದರೆ ಇದಕ್ಕೆ ವಿಲೋಮ. ಸನ್ನೆಯ ಸರಳ ತತ್ತ್ವವೇ ಇದಾದರೂ, ಗ್ರಾಹಕನ ಕಾಲಿಗೆ ತಕ್ಕಂತೆ ಯಂತ್ರವನ್ನು ಹೊಂದಿಸುವ ಸ್ವಾತಂತ್ರ್ಯವನ್ನು ಅದು ಒದಗಿಸಿತು.

ತೂಕ, ಒಡಲು ಮತ್ತು ತಂತಿ

ಹತ್ತು ತಂತಿಗಳ ಒಟ್ಟು ಎಳೆತವು ನೂರು ಕಿಲೋಗ್ರಾಮಿಗೂ ಮಿಕ್ಕಿದ್ದು. ಪೆಡಲ್ ಒತ್ತಿದಾಗ ಈ ಹೊರೆ ಹೆಚ್ಚಿ ಮರದ ಒಡಲು ಕೂದಲೆಳೆಯಷ್ಟು ಬಾಗುತ್ತದೆ. ಆಗ ಮುಟ್ಟದೇ ಇದ್ದ ತಂತಿಗಳ ಶ್ರುತಿಯೂ ತುಸು ತಗ್ಗುತ್ತದೆ. ಇದನ್ನು ‘ಕ್ಯಾಬಿನೆಟ್ ಡ್ರಾಪ್’ ಎನ್ನುತ್ತಾರೆ. ಹಳೆಯ ತಯಾರಕರು ಇದಕ್ಕೆ ದಪ್ಪ ಮೇಪಲ್ ಮರ ಮತ್ತು ಭಾರವಾದ ಲೋಹದ ಭಾಗಗಳಲ್ಲಿ ಉತ್ತರ ಹುಡುಕಿದರು. ಫಲವಾಗಿ ಎರಡು ಕೊರಳಿನ ಹಳೆಯ ವಾದ್ಯವು ಪೆಟ್ಟಿಗೆಯೂ ಸೇರಿ 30 ಕಿಲೋಗ್ರಾಮನ್ನು ಮೀರುವುದುಂಟು. ಹೊಸ ತಯಾರಕರು ಅಲ್ಯೂಮಿನಿಯಮ್ ಚೌಕಟ್ಟು, ಕಡೆದು ಹಗುರಗೊಳಿಸಿದ ಭಾಗಗಳು ಹಾಗೂ ಒಳಗಿನ ಆಧಾರಗಳ ಮೊರೆಹೊಕ್ಕರು. ಟೆಕ್ಸಾಸ್‌ನ ಎಂಎಸ್‌ಎ ಸಂಸ್ಥೆಯು 2000ರ ದಶಕದ ಆರಂಭದಲ್ಲಿ ತಂದ ಮಿಲೇನಿಯಮ್ ಮಾದರಿಯ ಒಡಲನ್ನು ಮರದ ಬದಲು ಕಾರ್ಬನ್ ಫೈಬರಿನಿಂದಲೇ ಮಾಡಿತು. ವಿಮಾನದಲ್ಲಿ ಸಾಮಾನಿನ ಮಿತಿ ಸಾಮಾನ್ಯವಾಗಿ 23 ಕಿಲೋಗ್ರಾಮ್ ಇರುವಾಗ, ಊರೂರು ತಿರುಗುವ ವಾದಕನಿಗೆ ತೂಕವೆಂಬುದು ಖರ್ಚಿನ ಬಾಬ್ತೇ ಹೌದು.

ತಂತಿಯ ವಿಷಯವೂ ಹೀಗೆಯೇ. ‘ಇ9’ ಎಂಬ ಪ್ರಚಲಿತ ಶ್ರುತಿಯಲ್ಲಿ ಮೂರನೆಯ ತಂತಿಯ ದಪ್ಪ 0.011 ಅಂಗುಲ, ಅಂದರೆ ಸುಮಾರು 0.28 ಮಿಲಿಮೀಟರ್. ಪೆಡಲ್ ಒತ್ತಿದಾಗ ಅದರ ಸ್ವರ ಸೆಕೆಂಡಿಗೆ 415 ಕಂಪನದಿಂದ 440ಕ್ಕೆ ಏರುತ್ತದೆ. ಎಳೆತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾದುದರಿಂದ, ಪ್ರತಿ ಒತ್ತಿಗೂ ಅದರ ಬಿಗಿತ ಶೇಕಡಾ 12ರಷ್ಟು ಹೆಚ್ಚುತ್ತದೆ. ಒಂದು ಕಛೇರಿಯಲ್ಲಿ ಇದು ನೂರಾರು ಬಾರಿ ನಡೆಯುವುದರಿಂದ, ಎಲ್ಲಕ್ಕಿಂತ ಮೊದಲು ತುಂಡಾಗುವುದು ಈ ತಂತಿಯೇ. ಬೆರಳಿನ ಮೇಲ್ಮೈಯನ್ನು ನುಣುಪುಗೊಳಿಸುವುದು ಒಂದು ಪರಿಹಾರ. ಬಿರಡೆಗಳನ್ನೇ ತೆಗೆದುಹಾಕಿ ತಂತಿಯ ಅನಾವಶ್ಯಕ ಉದ್ದವನ್ನು ತಗ್ಗಿಸಿದ ‘ಕೀಲೆಸ್’ ವಿನ್ಯಾಸ ಇನ್ನೊಂದು. ಉದ್ದ ಕಡಿಮೆಯಾದಂತೆ ಅದೇ ಸ್ವರಕ್ಕೆ ಬೇಕಾದ ಎಳೆತದ ದೂರವೂ ಕಡಿಮೆಯಾಗುತ್ತದೆ.

ಹಳೆಯದು ಏಕೆ ಉಳಿಯಿತು?

ಇಷ್ಟೆಲ್ಲ ಸುಧಾರಣೆಯ ನಂತರವೂ ಪುಷ್-ಪುಲ್ ವಾದ್ಯವನ್ನು ಹುಡುಕಿ ಕೊಳ್ಳುವವರಿದ್ದಾರೆ. ಹೊಸ ವ್ಯವಸ್ಥೆಯಲ್ಲಿ ತಂತಿಯು ಸ್ಪ್ರಿಂಗಿನ ಸಮತೋಲದಲ್ಲಿರುವ ಕೀಲಿನ ಮೇಲೆ ಕುಳಿತಿದೆ. ಹಳೆಯದರಲ್ಲಿ ಗಟ್ಟಿ ನೆಲೆಯ ಮೇಲೆ. ಈ ವ್ಯತ್ಯಾಸ ಕಿವಿಗೆ ತಿಳಿಯುತ್ತದೆಯೇ ಎಂಬ ವಾದ ವಾದಕರಲ್ಲಿ ಮುಗಿದಿಲ್ಲ. ತಯಾರಕನ ದೃಷ್ಟಿಯಿಂದ ನೋಡುವಾಗ ವಾದದ ತೀರ್ಮಾನಕ್ಕಿಂತ ಅದು ಮುಂದುವರಿದಿರುವುದೇ ಮುಖ್ಯ. ಏಕೆಂದರೆ ಗ್ರಾಹಕನು ಒಂದು ಸೌಲಭ್ಯವನ್ನು ಪಡೆಯುವಾಗ ತನಗೆ ಪ್ರಿಯವಾದ ಇನ್ನೊಂದು ಗುಣವನ್ನು ಕಳೆದುಕೊಂಡೆನೇ ಎಂದು ಲೆಕ್ಕ ಹಾಕುತ್ತಿದ್ದಾನೆ. ಇಲ್ಲಿ ಹೊಸ ಕಾರ್ಖಾನೆಯ ಪ್ರತಿಸ್ಪರ್ಧಿಯು ಪಕ್ಕದ ಕಾರ್ಖಾನೆ ಮಾತ್ರವಲ್ಲ. ಅರ್ಧ ಶತಮಾನದ ಹಿಂದೆ ಚೆನ್ನಾಗಿ ತಯಾರಾದ ವಸ್ತುವೂ ಹೌದು.

ಕಲಿಯುವವರ ಮಾದರಿಗಳ ಕಥೆ ಇದಕ್ಕೆ ತದ್ವಿರುದ್ಧ. ಷೋ-ಬಡ್ ಸಂಸ್ಥೆಯ ಮ್ಯಾವರಿಕ್ ಎಂಬ ಅಗ್ಗದ ಮಾದರಿಯಲ್ಲಿ ಮೂರು ಪೆಡಲುಗಳು ಮತ್ತು ಒಂದೇ ಮೊಣಕಾಲು ಸನ್ನೆ ಇದ್ದವು. ಅದರ ಸರಳ ಯಂತ್ರವನ್ನು ಮುಂದೆ ವಿಸ್ತರಿಸುವುದು ಸುಲಭವಾಗಿರಲಿಲ್ಲ. ವಿದ್ಯಾರ್ಥಿ ಸ್ವಲ್ಪ ಮುಂದುವರಿದೊಡನೆ ವಾದ್ಯವನ್ನು ಬಿಡಬೇಕಾಗುತ್ತಿತ್ತು. ಈಚಿನ ಸಣ್ಣ ತಯಾರಕರು ಆರಂಭಿಕ ಮಾದರಿಯಲ್ಲಿಯೂ ಪೂರ್ಣ ಆಲ್-ಪುಲ್ ಯಂತ್ರವನ್ನೇ ಅಳವಡಿಸಿ, ಹೊಳಪು, ಅಲಂಕಾರ ಮುಂತಾದವುಗಳಲ್ಲಿ ಮಾತ್ರ ಉಳಿತಾಯ ಮಾಡುತ್ತಿದ್ದಾರೆ. ಉಳಿತಾಯವನ್ನು ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಗಿಬ್ಸನ್, ಫೆಂಡರ್‌ನಂತಹ ದೊಡ್ಡ ಸಂಸ್ಥೆಗಳು ಕಾಲಕ್ರಮದಲ್ಲಿ ಈ ಕ್ಷೇತ್ರದಿಂದ ಹಿಂದೆ ಸರಿದವು. 1970ರ ದಶಕದಲ್ಲಿ ಗ್ರೆಟ್ಷ್ ಸಂಸ್ಥೆಯ ವಿಶಾಲ ವಿತರಣಾ ಜಾಲದ ಬೆಂಬಲವಿದ್ದ ಷೋ-ಬಡ್ ತಯಾರಿಕೆಯೂ 1980ರ ದಶಕದಲ್ಲಿ ನಿಂತಿತು. ಪ್ರತಿ ವಾದಕನ ಪೆಡಲ್ ಜೋಡಣೆಯೂ ತುಸು ಭಿನ್ನ. ಪೆಡಲುಗಳ ಅನುಕ್ರಮದಲ್ಲಿಯೇ ಎಮನ್ಸ್ ಪದ್ಧತಿ, ಜಿಮ್ಮಿ ಡೇ ಪದ್ಧತಿ ಎಂಬ ಎರಡು ಸಂಪ್ರದಾಯಗಳಿವೆ. ಆದೇಶಕ್ಕೆ ತಕ್ಕಂತೆ ಒಂದೊಂದನ್ನೇ ಹೊಂದಿಸಿಕೊಡುವ ಈ ಕೆಲಸವು ಭಾರಿ ಪ್ರಮಾಣದ ಉತ್ಪಾದನೆಗೆ ಒಗ್ಗುವಂಥದಲ್ಲ. ಸಣ್ಣ ಕಾರ್ಖಾನೆಗೆ ಒಗ್ಗುವಂಥದು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಗ್ರಾಹಕನು ವಸ್ತುವನ್ನು ಬಳಸುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಪೆಡಲಿನ ನಿಜವಾದ ಉಪಯೋಗವನ್ನು ತೋರಿಸಿಕೊಟ್ಟವನು ಅದನ್ನು ಮಾಡಿದವನಲ್ಲ, ಒತ್ತಿದವನು.

ಎರಡನೆಯದಾಗಿ, ದುರಸ್ತಿಯ ಸೌಲಭ್ಯವೂ ವಿನ್ಯಾಸದ ಒಂದು ಅಂಗ. ಆಲ್-ಪುಲ್ ವ್ಯವಸ್ಥೆ ಎಲ್ಲೆಡೆ ಹಬ್ಬಲು, ಮಾರಾಟದ ನಂತರ ಗ್ರಾಹಕನೇ ಒಂದು ಸಣ್ಣ ಕೀಲಿಯಿಂದ ಅದನ್ನು ಸರಿಪಡಿಸಿಕೊಳ್ಳಬಲ್ಲನೆಂಬುದೂ ಒಂದು ಕಾರಣ.

ಮೂರನೆಯದಾಗಿ, ಸುಧಾರಣೆ ಮಾಡುವಾಗ ಹಳೆಯ ಮಾದರಿಯ ಮುಖ್ಯ ಗುಣ ಯಾವುದೆಂದು ಮೊದಲು ಬರೆದಿಟ್ಟುಕೊಳ್ಳಬೇಕು. ಹಗುರವೂ ಅಗ್ಗವೂ ಆದ ಹೊಸ ವಸ್ತುವು ಆ ಗುಣವನ್ನು ಬಿಟ್ಟುಕೊಟ್ಟರೆ, ಹಳೆಯ ಗ್ರಾಹಕ ಹಳೆಯ ವಸ್ತುವಿನ ಕಡೆಗೇ ಮರಳುತ್ತಾನೆ.

ನಾಲ್ಕನೆಯದಾಗಿ, ಜ್ಞಾನವು ಒಬ್ಬಿಬ್ಬರ ಕೈಯಲ್ಲಿ ಮಾತ್ರ ಇರಬಾರದು. ಕೆಲವೇ ಪರಿಣತರು ಸರಿಪಡಿಸಬಲ್ಲ ವಸ್ತುವಿನ ಆಯುಷ್ಯವು ಆ ಪರಿಣತರ ಆಯುಷ್ಯವನ್ನು ಅವಲಂಬಿಸುತ್ತದೆ. ಬಿಡಿಭಾಗಗಳ ನಕ್ಷೆ, ಅಳತೆ ಮತ್ತು ಜೋಡಣೆಯ ಕ್ರಮವನ್ನು ದಾಖಲಿಸಿ ಇಡುವುದು ಸಣ್ಣ ಕಾರ್ಖಾನೆಗೆ ಯಂತ್ರದಷ್ಟೇ ಬೆಲೆಬಾಳುವ ಆಸ್ತಿ.

ಬಡ್ಡಿ ಎಮನ್ಸ್ ಅವರು 2015ರಲ್ಲಿ ನಿಧನರಾದರು. ಅವರ ಹೆಸರು ಹೊತ್ತ ಪುಷ್-ಪುಲ್ ವಾದ್ಯಗಳು ಇನ್ನೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಅಂತಹ ವಸ್ತುವನ್ನು ತಯಾರಿಸುವುದು ಉದ್ಯಮಿಗೆ ಹೆಮ್ಮೆಯ ವಿಷಯ. ಅದರ ನಾದವನ್ನು ಉಳಿಸಿಕೊಂಡು ಅದಕ್ಕಿಂತ ಹಗುರವಾದ, ಸುಲಭವಾಗಿ ರಿಪೇರಿಯಾಗುವ ವಸ್ತುವನ್ನು ಕೊಡುವುದು ಮುಂದಿನ ತಲೆಮಾರಿನ ತಯಾರಕರ ಹೊಣೆ.