ಕಾರಿನೊಳಗಿನ ರಸ್ತೆಸದ್ದು ಮತ್ತು ಅದರ ಶಮನ

ರಸ್ತೆಸದ್ದು ಎಂದರೆ ಚಲಿಸುತ್ತಿರುವ ವಾಹನದ ಟೈರುಗಳು ರಸ್ತೆಯ ಮೇಲ್ಮೈಯೊಡನೆ ತಾಗುವಾಗ ಹುಟ್ಟಿ, ಗಾಳಿಯ ಮೂಲಕವೂ ಲೋಹದ ಚೌಕಟ್ಟಿನ ಮೂಲಕವೂ ವಾಹನದ ಒಳಭಾಗವನ್ನು ಸೇರುವ ನಿರಂತರವಾದ ಸದ್ದು. ಬೆಳಗಾವಿ ಜಿಲ್ಲೆಯ ಆಡುಮಾತಿನಲ್ಲಿ ಇದನ್ನು 'ಗಾಲಿ ಸಪ್ಪಳ' ಎಂದರೆ ಯಾರಿಗಾದರೂ ತಿಳಿಯುತ್ತದೆ. ಎಂಜಿನ್ನಿನ ಸದ್ದು, ಗಾಳಿ ಸೀಳುವ ಸದ್ದು ಹಾಗೂ ಹಾರ್ನ್‌ಗಳ ಸದ್ದು ಇದರಿಂದ ಬೇರೆಯಾದವು. ಆದರೆ ಸಣ್ಣ ಕಾರೊಂದು ಗಂಟೆಗೆ ಸುಮಾರು 50 ಕಿ.ಮೀ. ವೇಗವನ್ನು ದಾಟಿ ಒಂದೇ ವೇಗದಲ್ಲಿ ಸಾಗುವಾಗ ಟೈರಿನ ಸದ್ದೇ ಉಳಿದವುಗಳನ್ನು ಮೀರಿಸುತ್ತದೆ. ವಿದ್ಯುತ್ ಕಾರುಗಳಲ್ಲಿ ಎಂಜಿನ್ನಿನ ಸದ್ದು ಇಲ್ಲದಿರುವುದರಿಂದ ಇದು ಇನ್ನಷ್ಟು ಎದ್ದು ಕೇಳುತ್ತದೆ. ಈ ಸದ್ದನ್ನು ಕುಗ್ಗಿಸಲು ಕಾರಿನ ಬಾಗಿಲು, ನೆಲ, ಡಿಕ್ಕಿ ಮತ್ತು ಚಕ್ರಗಳ ಮೇಲಿನ ಕಮಾನುಗಳಿಗೆ ಅಂಟಿಸುವ ಹಾಸುಗಳನ್ನು ಒಟ್ಟಾಗಿ ಶಬ್ದಶಾಮಕ ಸಾಮಗ್ರಿಗಳು ಎನ್ನಬಹುದು. ಗ್ಯಾರೇಜುಗಳಲ್ಲಿ ಇವಕ್ಕೆ 'ಡ್ಯಾಂಪಿಂಗ್ ಶೀಟ್' ಎಂಬ ಹೆಸರೇ ರೂಢಿಯಲ್ಲಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರಸ್ತೆಗಳು

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48, ಅಂದರೆ ಹಿಂದಿನ ಹೆದ್ದಾರಿ 4, ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ, ಹತ್ತರಗಿ ಮತ್ತು ಸಂಕೇಶ್ವರದ ಮಗ್ಗುಲಿನಿಂದ ಹಾದುಹೋಗುತ್ತದೆ. ಇಲ್ಲಿ ವೇಗ ಹೆಚ್ಚು. ಸದ್ದು ಒಂದೇ ಸಮನಾದ ಮೊರೆತವಾಗಿ ಕೇಳುತ್ತದೆ. ಹೆದ್ದಾರಿಯನ್ನು ಬಿಟ್ಟು ಹುಕ್ಕೇರಿ, ಘಟಪ್ರಭಾ, ಗೋಕಾಕಗಳ ಕಡೆಗೆ, ಅಲ್ಲಿಂದ ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಮೂಡಲಗಿಯ ಕಡೆಗೆ ತಿರುಗಿದರೆ ಸದ್ದಿನ ಸ್ವಭಾವವೇ ಬದಲಾಗುತ್ತದೆ. ಈ ಸೀಮೆಯಲ್ಲಿ ವಿಸ್ತಾರವಾಗಿ ಹರಡಿರುವ ಎರೆ ಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರಾಲಿಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಭಾರಕ್ಕೆ ರಸ್ತೆಯ ಅಂಚು ಕುಸಿಯುತ್ತದೆ, ಜಲ್ಲಿ ಮೇಲೇಳುತ್ತದೆ. ಜಲ್ಲಿ ಎದ್ದ ಒರಟು ರಸ್ತೆಯಲ್ಲಿ ತಗ್ಗು ಆವೃತ್ತಿಯ ಗುಡುಗುಟ್ಟುವಿಕೆಯೂ ಸಣ್ಣ ಕಲ್ಲುಗಳು ಚಕ್ರದ ಕಮಾನಿಗೆ ಸಿಡಿಯುವ ಸದ್ದೂ ಪ್ರಧಾನ. ಗೀರು ಹಾಕಿದ ಕಾಂಕ್ರೀಟು ರಸ್ತೆಯಲ್ಲಾದರೋ ತೆಳುವಾದ ಸಿಳ್ಳಿನಂತಹ ಸ್ವರ ಹೊರಡುತ್ತದೆ.

ಆದ್ದರಿಂದ ಒಂದು ಕಾರು 'ಸದ್ದಿನ ಕಾರು' ಎನ್ನುವ ಮೊದಲು ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ ಎಂದು ಕೇಳಬೇಕಾಗುತ್ತದೆ.

ಸದ್ದು ಏಕೆ ಬಾಧಕ

ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಅದರ ಸಮೀಪ ನಿಂತವರು ಪಕ್ಕದವರೊಡನೆಯೂ ಕೂಗಿಯೇ ಮಾತನಾಡಬೇಕು. ನೀರಿನ ಭೋರ್ಗರೆತದಲ್ಲಿ ತಗ್ಗು, ಎತ್ತರ ಎಲ್ಲ ಆವೃತ್ತಿಗಳೂ ಬೆರೆತಿರುವುದರಿಂದ ಅದು ಮಾತಿನ ಧ್ವನಿಯನ್ನು ಮುಚ್ಚಿಹಾಕುತ್ತದೆ. ರಸ್ತೆಸದ್ದು ಮಾಡುವುದೂ ಇದನ್ನೇ, ಪ್ರಮಾಣ ಮಾತ್ರ ಕಡಿಮೆ. ಒಂದು ಮೀಟರ್ ದೂರದ ಸಹಜ ಸಂಭಾಷಣೆ ಸುಮಾರು 60 ಡೆಸಿಬೆಲ್. ಗಂಟೆಗೆ 80 ಕಿ.ಮೀ. ವೇಗದ ಸಣ್ಣ ಕಾರಿನ ಒಳಗೆ ಸಾಮಾನ್ಯವಾಗಿ 65ರಿಂದ 75 ಡೆಸಿಬೆಲ್ ಸದ್ದು ಇರುತ್ತದೆ. ಈ ಮಟ್ಟದಿಂದ ಕಿವಿ ಕೆಡುವುದಿಲ್ಲ. ಆದರೆ ಸ, ಶ, ತ, ಪ ಮುಂತಾದ ವ್ಯಂಜನಗಳು ಮೊದಲು ಮಸುಕಾಗುತ್ತವೆ. ವಯಸ್ಸಿನೊಡನೆ ಎತ್ತರದ ಆವೃತ್ತಿಗಳ ಶ್ರವಣಶಕ್ತಿ ಕುಗ್ಗಿದ ಹಿರಿಯರಿಗೆ ಹಿಂದಿನ ಸೀಟಿನಲ್ಲಿ ಕುಳಿತಾಗ ಮುಂದಿನವರ ಮಾತು ಕೇವಲ ಗೊಣಗಾಟವಾಗುತ್ತದೆ. ಗೋಕಾಕದಿಂದ ಬೆಳಗಾವಿಯ ಆಸ್ಪತ್ರೆಗಳಿಗೆ ಹೋಗಿಬರುವ ವೃದ್ಧರು ದಾರಿಯುದ್ದಕ್ಕೂ ಮೌನವಾಗಿ ಕುಳಿತಿರಲು ದಣಿವೊಂದೇ ಕಾರಣವಲ್ಲ. ಚಾಲಕನಿಗಾದರೋ ಗಂಟೆಗಟ್ಟಲೆ ಕೇಳುವ ಮೊರೆತ ಆಯಾಸವನ್ನು ಬೇಗ ತರುತ್ತದೆ.

ಡೆಸಿಬೆಲ್ ಲೆಕ್ಕ

ಡೆಸಿಬೆಲ್ ಎಂಬುದು ಘಾತಾಂಕದ ಅಳತೆ. 3 ಡೆಸಿಬೆಲ್ ಹೆಚ್ಚಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ. 10 ಡೆಸಿಬೆಲ್ ಹೆಚ್ಚಿದರೆ ಶಕ್ತಿ ಹತ್ತುಮಡಿ, ಕಿವಿಗೆ ತೋರುವುದು ಮಾತ್ರ ಸುಮಾರು ಎರಡರಷ್ಟು. 1 ಡೆಸಿಬೆಲ್ ವ್ಯತ್ಯಾಸವನ್ನು ಕಿವಿ ಹೆಚ್ಚುಕಡಿಮೆ ಗುರುತಿಸುವುದೇ ಇಲ್ಲ. 3 ಆದರೆ ತಿಳಿಯುತ್ತದೆ.

ಇದರಿಂದ ಹೊರಡುವ ಒಂದು ಲೆಕ್ಕವನ್ನು ಹಣ ಕೊಡುವ ಮೊದಲು ಪ್ರತಿಯೊಬ್ಬರೂ ಮಾಡಿ ನೋಡುವುದು ಒಳಿತು. ನೆಲ, ಚಕ್ರದ ಕಮಾನು, ಬಾಗಿಲು, ಡಿಕ್ಕಿ ಎಂಬ ನಾಲ್ಕು ದಾರಿಗಳಿಂದ ಸಮಪ್ರಮಾಣದಲ್ಲಿ ಸದ್ದು ಒಳಬರುತ್ತಿದೆ ಎಂದುಕೊಳ್ಳೋಣ. ನಾಲ್ಕೂ ಬಾಗಿಲುಗಳ ಸದ್ದನ್ನು ಸಂಪೂರ್ಣವಾಗಿ ತಡೆದರೂ ನಾಲ್ಕರಲ್ಲಿ ಮೂರು ಪಾಲು ಶಕ್ತಿ ಉಳಿಯುತ್ತದೆ. ಒಳಗಿನ ಮಟ್ಟ ಇಳಿಯುವುದು ಸುಮಾರು 1.2 ಡೆಸಿಬೆಲ್ ಮಾತ್ರ. ಮೂರು ದಾರಿಗಳನ್ನು ಮುಚ್ಚಿದಾಗ 6 ಡೆಸಿಬೆಲ್ ಇಳಿಯುತ್ತದೆ. ಬಾಗಿಲಿಗಷ್ಟೇ ಹಾಸು ಹಾಕಿಸಿದವರು 'ಏನೂ ವ್ಯತ್ಯಾಸವಾಗಲಿಲ್ಲ' ಎಂದು ಹೇಳುವುದು ಈ ಕಾರಣದಿಂದ. ರಸ್ತೆಸದ್ದಿನ ಮಟ್ಟಿಗೆ ನೆಲ ಮತ್ತು ಹಿಂಬದಿ ಚಕ್ರಗಳ ಕಮಾನು ಬಾಗಿಲಿಗಿಂತ ಮುಖ್ಯ.

ಮೂರು ಬಗೆಯ ಸಾಮಗ್ರಿಗಳು

ಅಂಗಡಿಗಳಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೂ ಇವು ಮಾಡುವ ಕೆಲಸ ಮೂರು ಬಗೆಯದು: ಕಂಪನವನ್ನು ತಣಿಸುವುದು, ಸದ್ದನ್ನು ತಡೆಯುವುದು, ಸದ್ದನ್ನು ಹೀರುವುದು.

ಕಂಪನ ತಣಿಸುವುದನ್ನು ಭೌತಶಾಸ್ತ್ರದಲ್ಲಿ ಅವಮಂದನ ಎನ್ನುವರು. ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ಟೀಲಿನ ಪರಾತವನ್ನು ಅಂಚಿನಲ್ಲಿ ಹಿಡಿದು ಚಮಚದಿಂದ ತಟ್ಟಿದರೆ ದೀರ್ಘಕಾಲ ನಾದ ಹೊರಡುತ್ತದೆ. ಅದರ ಬೆನ್ನಿಗೆ ರೊಟ್ಟಿಗೆ ನಾದಿದ ಜೋಳದ ಹಿಟ್ಟನ್ನು ಅಂಗೈಯಗಲ ಒತ್ತಿ ಮತ್ತೆ ತಟ್ಟಿದರೆ 'ಧಪ್' ಎಂದಷ್ಟೇ ಕೇಳುತ್ತದೆ. ಹಿಟ್ಟು ಪೂರ್ಣ ದ್ರವವೂ ಅಲ್ಲ, ಪೂರ್ಣ ಘನವೂ ಅಲ್ಲ. ಲೋಹದೊಡನೆ ತಾನೂ ಬಾಗಿ, ಒಳತಿಕ್ಕಾಟದಿಂದ ಕಂಪನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಬ್ಯುಟೈಲ್ ರಬ್ಬರಿನ ಹಾಸು ಮಾಡುವುದೂ ಇಷ್ಟೇ. ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಲೋಹದ ತಗಡು ಮತ್ತು ಈ ಹಾಳೆಯ ನಡುವೆ ಸಿಲುಕಿದ ರಬ್ಬರು ಅಡ್ಡಡ್ಡಲಾಗಿ ಎಳೆದಾಡಲ್ಪಡುವುದರಿಂದ ತಣಿಸುವಿಕೆ ಹಲವು ಪಟ್ಟು ಹೆಚ್ಚುತ್ತದೆ. ಹೀಗೆ ಬಂಧಿತ ಪದರದಿಂದ ಕಂಪನ ತಣಿಸುವುದರ ಗಣಿತವನ್ನು ಅಮೆರಿಕದ ಎಡ್ವರ್ಡ್ ಕರ್ವಿನ್ 1959ರಲ್ಲಿ ಪ್ರಕಟಿಸಿದರು. ತಗಡಿನ ನಡುಭಾಗವೇ ಹೆಚ್ಚು ಕಂಪಿಸುವುದರಿಂದ ಅದರ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹಾಸು ಹಾಕಿದರೆ ಬಹುಪಾಲು ಪ್ರಯೋಜನ ದೊರೆಯುತ್ತದೆ. ಅಂಚಿನಿಂದ ಅಂಚಿಗೆ ಬೆಳ್ಳಿಯಂತೆ ಹೊಳೆಯುವ ಹಾಗೆ ಹೊದಿಸುವುದು ನೋಟಕ್ಕೆ ಚೆಂದ, ಖರ್ಚಿಗೆ ಭಾರ.

ಅಂಗಡಿಯವರು ಹಾಸು ಹಚ್ಚಿದ ತಗಡನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ; ಬಾಗಿಲು ಮುಚ್ಚಿದಾಗ ಬೆಲೆಬಾಳುವ ಕಾರಿನಂತೆ ಗಟ್ಟಿಯಾದ ಸದ್ದು ಬರುತ್ತದೆ. ಇದು ಮೋಸವಲ್ಲ, ಆದರೆ ಸಾಕ್ಷ್ಯವೂ ಅಲ್ಲ. ತಗಡು ಕಂಪಿಸುವುದು ನಿಂತಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ತಗಡನ್ನು ದಾಟಿ ಬರುವ ಟೈರಿನ ಮೊರೆತ ಎಷ್ಟು ಕುಗ್ಗಿತು ಎಂಬುದನ್ನು ತಿಳಿಸುವುದಿಲ್ಲ.

ದಾಟಿ ಬರುವ ಸದ್ದನ್ನು ತಡೆಯಲು ಬೇಕಾದುದು ತೂಕ. ತಡೆಯ ಚದರಳತೆಯ ತೂಕ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ. ಇದನ್ನು ದ್ರವ್ಯರಾಶಿ ನಿಯಮ ಎನ್ನುವರು. 0.7 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 5.5 ಕಿಲೋ ತೂಗುತ್ತದೆ. 'ಎಂಎಲ್‌ವಿ' ಎಂದು ಮಾರುವ, ಖನಿಜದ ಪುಡಿ ಬೆರೆಸಿದ ಭಾರದ ವಿನೈಲ್ ಹಾಸು ಇದಕ್ಕಾಗಿಯೇ ಇದೆ. ಅದನ್ನು ತಗಡಿಗೆ ನೇರವಾಗಿ ಅಂಟಿಸದೆ ನಡುವೆ ಮೆತ್ತನೆಯ, ನೀರು ಹೀರದ ಫೋಮ್ ಇಡಬೇಕು; ಆಗ ಎರಡೂ ಬೇರೆಬೇರೆ ಗೋಡೆಗಳಂತೆ ವರ್ತಿಸುತ್ತವೆ. ಇದಕ್ಕಿಂತ ಮುಖ್ಯವಾದುದು ಬಿರುಕು. ಗೋಡೆಯ ನೂರನೆಯ ಒಂದು ಭಾಗ ತೆರೆದಿದ್ದರೆ ಉಳಿದ ಭಾಗ ಕೋಟೆಯಷ್ಟು ಗಟ್ಟಿಯಿದ್ದರೂ ಒಟ್ಟು ತಡೆ 20 ಡೆಸಿಬೆಲ್ ಮೀರದು. ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿರುವಾಗ ಸಾವಿರಾರು ರೂಪಾಯಿಯ ಹಾಸು ಹಾಕಿಸುವುದು ಕಿಟಕಿ ತೆರೆದಿಟ್ಟು ಗೋಡೆ ದಪ್ಪ ಮಾಡಿದಂತೆ.

ಹೀರುವ ಸಾಮಗ್ರಿಗಳೆಂದರೆ ರಂಧ್ರಮಯವಾದ ಫೋಮ್, ಹತ್ತಿ ಮತ್ತು ಬಟ್ಟೆಯ ಚಿಂದಿಯಿಂದ ಒತ್ತಿ ಮಾಡಿದ ಫೆಲ್ಟ್. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್ 1895ರ ಸುಮಾರಿಗೆ ಮಾತು ಸ್ಪಷ್ಟವಾಗಿ ಕೇಳದ ಉಪನ್ಯಾಸ ಮಂದಿರವೊಂದರೊಳಗೆ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ತಂದಿಟ್ಟು, ಪ್ರತಿಧ್ವನಿ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದದ್ದು ಈ ಶಾಸ್ತ್ರದ ಆರಂಭ. ಹೀರುವಿಕೆಗೆ ದಪ್ಪ ಬೇಕು: 1000 ಹರ್ಟ್ಸ್ ಸದ್ದಿನ ತರಂಗದೂರ ಸುಮಾರು 34 ಸೆಂ.ಮೀ., 100 ಹರ್ಟ್ಸ್‌ನದು 3.4 ಮೀಟರ್. ತರಂಗದೂರದ ಕಾಲು ಭಾಗದಷ್ಟು ದಪ್ಪವಿದ್ದಾಗ ಹೀರುವಿಕೆ ಚೆನ್ನಾಗಿರುತ್ತದೆ. ಬೆರಳು ದಪ್ಪದ ಫೋಮ್ ತೆಳುಸ್ವರಗಳನ್ನು ಮೆತ್ತಗಾಗಿಸಬಲ್ಲದು. ಜಲ್ಲಿ ರಸ್ತೆಯ ಗುಡುಗುಟ್ಟುವಿಕೆ ಅದಕ್ಕೆ ಬಗ್ಗುವುದಿಲ್ಲ.

ಕಾರಿನ ಕೆಳಭಾಗಕ್ಕೆ ಸಿಂಪಡಿಸುವ ಅಂಡರ್‌ಬಾಡಿ ಕೋಟಿಂಗ್ ತುಕ್ಕು ತಡೆಯಲು ಮತ್ತು ಕಲ್ಲು ಸಿಡಿತದ ಸದ್ದು ಕುಗ್ಗಿಸಲು ಉಪಯುಕ್ತ. ಟೈರಿನ ಮೊರೆತದ ಮೇಲೆ ಅದರ ಪರಿಣಾಮ ಅಲ್ಪ.

ಮೊದಲು ಟೈರು

ಹಾಸು ಕೊಳ್ಳುವ ಮುನ್ನ ಟೈರನ್ನು ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ 2021ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಸದ್ದು ಹೆಚ್ಚುತ್ತದೆ. ಚಕ್ರಗಳ ಜೋಡಣೆ ತಪ್ಪಿದ್ದರೆ ಟೈರು ಏರುತಗ್ಗಾಗಿ ಸವೆದು 'ಗುಂಯ್' ಎನ್ನುತ್ತದೆ. ಅಂಗೈಯನ್ನು ಟೈರಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸವರಿದರೆ ಇದು ತಿಳಿಯುತ್ತದೆ. ತಿರುವಿನಲ್ಲಿ ಸದ್ದು ಏರಿಳಿದರೆ ಚಕ್ರದ ಬೇರಿಂಗ್ ಕೆಟ್ಟಿರುವ ಸಂಭವವಿದೆ, ಮತ್ತು ಅದು ಸುರಕ್ಷತೆಯ ಪ್ರಶ್ನೆ. ಅಂತಹ ಸದ್ದನ್ನು ಹಾಸಿನಿಂದ ಮುಚ್ಚುವುದು ಅಪಾಯಕಾರಿ. ಗಾಳಿಯ ಒತ್ತಡವನ್ನು ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಸೂಚಿಸಿದಷ್ಟೇ ಇಡಬೇಕು.

ಐರೋಪ್ಯ ಒಕ್ಕೂಟದಲ್ಲಿ 2012ರಿಂದ ಟೈರುಗಳ ಲೇಬಲಿನ ಮೇಲೆ ಸದ್ದಿನ ಅಳತೆಯನ್ನು ನಮೂದಿಸಲಾಗುತ್ತಿದೆ. ಭಾರತದಲ್ಲಿ ಎಐಎಸ್-142 ಎಂಬ ಮಾನದಂಡವು ಟೈರಿನ ಉರುಳುಸದ್ದಿಗೆ ಮಿತಿ ಹಾಕಿದೆ. ಆ ಅಳತೆಗಳು ಕಾರಿನ ಹೊರಗಿನ ಸದ್ದಿಗೆ ಸಂಬಂಧಿಸಿದವು. ಒಳಗಿನ ನಿಶ್ಶಬ್ದವನ್ನು ನೇರವಾಗಿ ಹೇಳವು.

ಅಳವಡಿಕೆ ಮತ್ತು ಅಪಾಯಗಳು

ಕೆಲಸದ ವಿಧಾನ ಸರಳ, ಅವಸರ ಸಲ್ಲದು. ಸೀಟು, ನೆಲದ ಹಾಸು, ಡೋರ್ ಪ್ಯಾಡ್‌ಗಳನ್ನು ಕಳಚಿ, ತಗಡಿನ ಧೂಳು ಮತ್ತು ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಹಾಸನ್ನು ಅಂಟಿಸಿ ಉರುಳೆಯಿಂದ ಗಟ್ಟಿಯಾಗಿ ಒತ್ತಬೇಕು. ಗಾಳಿಗುಳ್ಳೆ ಉಳಿದ ಕಡೆ ಅಂಟು ಹಿಡಿಯದು, ತಣಿಸುವಿಕೆಯೂ ಇರದು.

ಬ್ಯುಟೈಲ್ ಹಾಸಿನ ಬದಲು ಮನೆಯ ಮಾಳಿಗೆ ಸೋರದಂತೆ ಹಚ್ಚುವ ಡಾಂಬರು ಪಟ್ಟಿಯನ್ನು ಅಗ್ಗವೆಂದು ಬಳಸುವ ಪರಿಪಾಠ ಅಲ್ಲಲ್ಲಿ ಇದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ತಗಡು 60 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಅಷ್ಟು ಶಾಖಕ್ಕೆ ಡಾಂಬರು ಮೆತ್ತಗಾಗಿ ಜಾರುತ್ತದೆ. ಅದರ ವಾಸನೆ ಮುಚ್ಚಿದ ಕಾರಿನಲ್ಲಿ ತುಂಬಿಕೊಳ್ಳುತ್ತದೆ. ಚಿಕ್ಕ ಮಕ್ಕಳು ಕುಳಿತುಕೊಳ್ಳುವ ಕಾರಿಗೆ ಇದನ್ನು ಹಾಕಲೇಬಾರದು. ಕಾರು ತಯಾರಕರು ನೆಲಕ್ಕೆ ಹಾಕುವ ಡಾಂಬರಿನ ಹಾಸು ಬೇರೆ. ಅದು ಶಾಖದಲ್ಲಿ ತಗಡಿಗೆ ಬೆಸೆದುಕೊಳ್ಳುವಂತೆ ಸಿದ್ಧಪಡಿಸಿದ್ದು.

ಬಾಗಿಲಿನ ಒಳಗೆ ಮಳೆನೀರು ಇಳಿಯುವುದು ಸಹಜ. ಅದು ಹೊರಹೋಗಲು ಬಾಗಿಲಿನ ಕೆಳ ಅಂಚಿನಲ್ಲಿ ರಂಧ್ರಗಳಿವೆ. ಹಾಸು ಅವನ್ನು ಮುಚ್ಚಿದರೆ ನೀರು ನಿಂತು ಒಂದೆರಡು ಮಳೆಗಾಲದಲ್ಲಿಯೇ ತಗಡು ತುಕ್ಕು ಹಿಡಿಯುತ್ತದೆ. ಹತ್ತಿಯ ಫೆಲ್ಟ್ ತೇವ ಹೀರಿ ಮುಗ್ಗುಲು ವಾಸನೆ ಬೀರುತ್ತದೆ. ಕಬ್ಬಿನ ಗದ್ದೆಗಳ ಬದಿಯಲ್ಲಿ ಇರುಳು ನಿಲ್ಲುವ ಕಾರುಗಳಲ್ಲಿ ಇಲಿಗಳಿಗೆ ಅದು ಗೂಡಾಗುವುದೂ ಉಂಟು. ಸೀಟಿನ ಅಡಿಯ ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗಿನವು. ಬ್ಯಾಟರಿಯ ಸಂಪರ್ಕ ತೆಗೆಯದೆ ಅವನ್ನು ಬಿಚ್ಚಕೂಡದು, ಪಕ್ಕದ ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಗೆ ಯಾವ ಹಾಸೂ ಅಡ್ಡ ಬರಕೂಡದು.

ತೂಕವೂ ಲೆಕ್ಕಕ್ಕೆ ಬರಬೇಕು. ಚದರ ಮೀಟರಿಗೆ 3.5 ಕಿಲೋ ತೂಗುವ ಹಾಸನ್ನು 8 ಚದರ ಮೀಟರ್ ಹಾಕಿದರೆ 28 ಕಿಲೋ. ಒಂದು ಮೂಟೆ ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು ಭಾರವನ್ನು ಕಾರು ಸದಾ ಹೊತ್ತು ತಿರುಗಿದಂತೆ.

ಗಾಜಿಗೆ ಹಾಸು ಹಾಕುವಂತಿಲ್ಲ. ಪಕ್ಕದ ಗಾಜುಗಳ ಮೂಲಕ ಬರುವ ಸದ್ದು ಹಾಗೆಯೇ ಉಳಿಯುತ್ತದೆ. ಕಪ್ಪು ಫಿಲ್ಮ್‌ನಿಂದ ಸದ್ದು ಕಡಿಮೆಯಾಗುತ್ತದೆಂಬ ಮಾತು ಹುರುಳಿಲ್ಲದ್ದು. ಅದೂ ಅಲ್ಲದೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70 ಶೇಕಡಾ, ಪಕ್ಕದ ಗಾಜು 50 ಶೇಕಡಾ ಬೆಳಕನ್ನು ಬಿಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಈ ಗಾಜಿನ ಮಿತಿ ಒಂದು ರೀತಿಯಲ್ಲಿ ಒಳ್ಳೆಯದೇ: ಆಂಬುಲೆನ್ಸಿನ ಸೈರನ್, ಹಿಂದಿನವರ ಹಾರ್ನ್ ಒಳಗೆ ಕೇಳಲೇಬೇಕು. ಕಬ್ಬಿನ ಟ್ರ್ಯಾಕ್ಟರುಗಳ ಧ್ವನಿವರ್ಧಕದ ಹಾಡಿಗೆ ಬೇಸತ್ತು ಕಾರನ್ನು ಪೆಟ್ಟಿಗೆಯಂತೆ ಮುಚ್ಚಿಕೊಳ್ಳಲು ಹೊರಡುವವರು ಇದನ್ನು ಮರೆಯಬಾರದು.

ಫಲವನ್ನು ಅಳೆಯುವುದು

ಕೆಲಸಕ್ಕೆ ಮೊದಲೂ ಆಮೇಲೂ ಒಂದೇ ರಸ್ತೆಯ ಒಂದೇ ತುಂಡಿನಲ್ಲಿ, ಒಂದೇ ವೇಗದಲ್ಲಿ, ಕಿಟಕಿ ಏರಿಸಿ, ಎ.ಸಿ. ಮತ್ತು ಹಾಡು ನಿಲ್ಲಿಸಿ, ಮೊಬೈಲನ್ನು ಒಂದೇ ಜಾಗದಲ್ಲಿಟ್ಟು ಸದ್ದು ಅಳೆಯುವ ಆಪ್‌ನಿಂದ ಮೂರು ಮೂರು ಬಾರಿ ದಾಖಲಿಸಬಹುದು. ಅಳೆಯುವ ಹೊಣೆ ಪಕ್ಕದಲ್ಲಿ ಕುಳಿತವರದು, ಚಾಲಕನದಲ್ಲ. ಮೊಬೈಲು ತೋರಿಸುವ ಅಂಕಿ ನಿಖರವಲ್ಲ, ಆದರೆ ಎರಡು ಅಂಕಿಗಳ ವ್ಯತ್ಯಾಸವನ್ನು ಸಾಕಷ್ಟು ನಂಬಬಹುದು. ಮಳೆ ಬಿದ್ದು ಒದ್ದೆಯಾದ ರಸ್ತೆ ಒಣ ರಸ್ತೆಗಿಂತ ಹೆಚ್ಚು ಸದ್ದು ಮಾಡುವುದರಿಂದ ಎರಡೂ ಅಳತೆಗಳನ್ನು ಒಣ ದಿನಗಳಲ್ಲಿಯೇ ಮಾಡಬೇಕು.