ತೂಗಿ ತುಂಬಬೇಕಾದ ಗ್ಯಾಸು

ಮನೆಯ ಏಸಿ ತಂಪು ಕೊಡದಾದಾಗ ಗ್ಯಾಸ್ ಮುಗಿದಿದೆ ಎನ್ನುವುದು ರೂಢಿಯ ಮಾತಾದರೂ, ಶೀತಕ ಎಂದು ಕರೆಯಲಾಗುವ ಆ ವಸ್ತು ಸ್ಕೂಟರಿನ ಪೆಟ್ರೋಲಿನಂತೆ ಉರಿದು ತೀರುವಂಥದ್ದಲ್ಲ. ಅದು ಮುಚ್ಚಿದ ಕೊಳವೆಗಳೊಳಗೇ ಸುತ್ತುತ್ತ, ಒಳಗಿನ ಘಟಕದಲ್ಲಿ ಕೋಣೆಯ ಶಾಖವನ್ನು ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಘಟಕಕ್ಕೆ ಕಳಿಸಿದಾಗ ಆ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕಂಪ್ರೆಸರಿನ ಎಣ್ಣೆಯೂ ಶೀತಕದೊಡನೆ ತುಸು ಸುತ್ತುವುದರಿಂದ, ಕೊಳವೆಯ ನಟ್ಟಿನ ಸುತ್ತ ಧೂಳು ಹಿಡಿದ ಜಿಡ್ಡು ಕಂಡರೆ ಸೋರಿಕೆಯನ್ನು ಮೊದಲು ಅಲ್ಲಿಯೇ ಹುಡುಕುವುದುಂಟು.

ಶೀತಕ ಕೊರತೆಯಾದಾಗ ಒಳಸುರುಳಿಯ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಶೀತಕ ಕುದಿಯುವ ಉಷ್ಣಾಂಶವೂ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಆಗ ಕೋಣೆಗೆ ತಂಪು ಸಾಲದಿದ್ದರೂ ಸುರುಳಿಯ ಮೇಲೆ ಮಾತ್ರ ಮಂಜುಗಡ್ಡೆ ಕಟ್ಟುತ್ತದೆ. (ಫಿಲ್ಟರಿನಲ್ಲಿ ಧೂಳು ತುಂಬಿದರೂ ಹೀಗಾಗುವುದರಿಂದ, ಮಂಜುಗಡ್ಡೆ ಕಂಡೊಡನೆ ಗ್ಯಾಸಿನ ಮೇಲೆ ತಪ್ಪು ಹೊರಿಸುವಂತಿಲ್ಲ.) ಶೀತಕ ಹೆಚ್ಚಾದರೂ ಕಷ್ಟವೇ: ದ್ರವವು ಹೊರಸುರುಳಿಯಲ್ಲಿ ನಿಂತು ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ.

ಶೀತಕ ಎಷ್ಟಿದೆ ಎಂಬುದನ್ನು ಗೇಜಿನ ಮುಳ್ಳು ನೋಡಿ ಹೇಳುವ ಅಭ್ಯಾಸ ನಂಬತಕ್ಕದ್ದಲ್ಲ. ಅಡುಗೆ ಅನಿಲದ ಸಿಲಿಂಡರಿನಲ್ಲಿ ತುಸು ದ್ರವ ಉಳಿದಿರುವವರೆಗೂ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಳಗೆ 14.2 ಕಿಲೋ ಇದೆಯೇ ಎಂದು ತಿಳಿಯಲು ತೂಗಿಯೇ ನೋಡಬೇಕು. ನಿಲ್ಲಿಸಿದ ಏಸಿಯಲ್ಲಿಯೂ ಹೀಗೆಯೇ: ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಆರ್-32 ಶೀತಕವು 800 ಗ್ರಾಂ ಇರಲಿ, 500 ಗ್ರಾಂ ಇರಲಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 19 ಪಟ್ಟೇ. ಓಡುವ ಯಂತ್ರದಲ್ಲಂತೂ ಹೊರಗಿನ ಬಿಸಿಲು, ಫ್ಯಾನಿನ ವೇಗ, ಇನ್ವರ್ಟರ್ ಕಂಪ್ರೆಸರಿನ ಓಟ ಇವೆಲ್ಲಕ್ಕೂ ಮುಳ್ಳು ಅಲುಗುತ್ತಿರುತ್ತದೆ. ಆದ್ದರಿಂದಲೇ ತಯಾರಕರು ಹೊರಘಟಕದ ಫಲಕದಲ್ಲಿ ಶೀತಕದ ಹೆಸರನ್ನೂ ತೂಕವನ್ನೂ ಅಚ್ಚು ಹಾಕಿರುತ್ತಾರೆ. ಸೋರಿಕೆಯನ್ನು ಮುಚ್ಚಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ಹೊರಗೆಳೆದು, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟೇ ತೂಕವನ್ನು ಒಳಬಿಡುವುದು ಸರಿಯಾದ ಕ್ರಮ.

ಸೋರಿಕೆಯನ್ನು ಹಾಗೇ ಬಿಟ್ಟು ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುವವರ ಲೆಕ್ಕಕ್ಕೆ ಬಾರದ ವೆಚ್ಚವೊಂದು ಆಕಾಶದಲ್ಲಿದೆ. ನೂರು ವರ್ಷಗಳ ಅವಧಿಯಲ್ಲಿ ಆರ್-32 ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 675 ಪಟ್ಟು ಎಂದು ಲೆಕ್ಕಹಾಕಿರುವುದರಿಂದ, ಸೋರಿಹೋದ ಅರ್ಧ ಕಿಲೋ ಶೀತಕ ಸುಮಾರು 340 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.