ಬೆಕ್ಕಿಗೊಂದು ಬಾಗಿಲು

ಇಂಗ್ಲೆಂಡಿನ ನೈಋತ್ಯ ಮೂಲೆಯ ಎಕ್ಸೆಟರ್ ನಗರದಲ್ಲಿ ಒಂದು ಹಳೆಯ ಕಥೆಡ್ರಲ್ ಇದೆ. ಅದರ ಉತ್ತರ ಗೋಪುರದಲ್ಲಿ ಹದಿನೈದನೆಯ ಶತಮಾನದ್ದೆನ್ನುವ ಖಗೋಳ ಗಡಿಯಾರ. ಅದರಲ್ಲಿ ಭೂಮಿ ನಡುವೆ ನಿಂತಿದ್ದು, ಸೂರ್ಯಚಂದ್ರರು ಅದನ್ನು ಸುತ್ತುತ್ತಾರೆ. ಗಡಿಯಾರವನ್ನು ತಲೆಯೆತ್ತಿ ನೋಡಿದ ಪ್ರವಾಸಿಗಳು ಆಮೇಲೆ ಬಗ್ಗಿ ಇನ್ನೊಂದನ್ನು ನೋಡುತ್ತಾರೆ. ಗಡಿಯಾರದ ಕೆಳಗಿರುವ ಮರದ ಬಾಗಿಲಿನ ಬುಡದಲ್ಲಿ ಒಂದು ದುಂಡನೆಯ ತೂತು. ಗೆದ್ದಲು ಹಿಡಿದು ಆದದ್ದಲ್ಲ, ದುಡ್ಡು ಕೊಟ್ಟು ಮಾಡಿಸಿದ್ದು. ಬೆಕ್ಕಿಗಾಗಿ ಬಾಗಿಲಿಗೆ ತೂತು ಕೊರೆದ ಕೆಲಸಕ್ಕೆ ಬಡಗಿಗಳಿಗೆ 8 ಪೆನ್ಸ್ ಕೊಟ್ಟಿದ್ದು ಕಥೆಡ್ರಲಿನ 1598ರ ಲೆಕ್ಕದಲ್ಲಿ ದಾಖಲಾಗಿದೆ. ಆಗ ಅಲ್ಲಿ ಬಿಷಪ್ ಆಗಿದ್ದವರು ವಿಲಿಯಂ ಕಾಟನ್. (ಬೆಂಗಳೂರಿನ ಶಾಲೆಯ ಹೆಸರಿನಲ್ಲಿರುವ ಬಿಷಪ್ ಕಾಟನ್ ಬೇರೆ, ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಬಿಷಪ್ ಆಗಿದ್ದ ಜಾರ್ಜ್ ಕಾಟನ್.)

ದೇವರ ಮನೆಯ ಬಾಗಿಲಿಗೆ ತೂತು ಕೊರೆಸುವಂಥ ಅಗತ್ಯವೇನಿತ್ತು? ಗಡಿಯಾರದ ಯಂತ್ರಕ್ಕೆ ಆ ಕಾಲದಲ್ಲಿ ಸವರುತ್ತಿದ್ದುದು ಪ್ರಾಣಿಗಳ ಕೊಬ್ಬು. ಕೊಬ್ಬಿನ ವಾಸನೆ ಇಲಿಗಳನ್ನು ಎಳೆದು ತರುತ್ತಿತ್ತು. ಕೋಣೆಗೆ ಸದಾ ಬೀಗ. ಮನುಷ್ಯ ಬಂದು ಬಾಗಿಲು ತೆರೆಯುವಷ್ಟರಲ್ಲಿ ಇಲಿ ಪರಾರಿ. ಆದ್ದರಿಂದ ಬೀಗ ಬೀಗವಾಗಿಯೇ ಉಳಿದು, ಬೆಕ್ಕು ಮಾತ್ರ ಹೋಗಿಬರುವಂತೆ ದಾರಿ ಮಾಡಲಾಯಿತು.

ಅಲ್ಲಿಯ ಬೆಕ್ಕು ಬಿಟ್ಟಿ ದುಡಿಯುತ್ತಿರಲಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹದಿನಾಲ್ಕು ಮತ್ತು ಹದಿನೈದನೆಯ ಶತಮಾನಗಳ ಲೆಕ್ಕದ ಸುರುಳಿಗಳಲ್ಲಿ, ಕಾವಲುಗಾರರ ಜೊತೆಯಲ್ಲಿಯೇ ಬೆಕ್ಕಿನ ಹೆಸರಿನಲ್ಲೂ ಮೂರು ತಿಂಗಳಿಗೆ 13 ಪೆನ್ಸ್ ಖರ್ಚು ಬರೆದಿದ್ದಾರೆ. ಮೂರು ತಿಂಗಳೆಂದರೆ ಹದಿಮೂರು ವಾರ. ಅಂದರೆ ವಾರಕ್ಕೆ ಒಂದು ಪೆನ್ನಿ ಸಂಬಳ. ಬರೀ ಇಲಿ ತಿಂದು ಬದುಕಲಾಗದ ದಿನಗಳಿಗೆ ಮೇಲುಖರ್ಚು ಇದ್ದೀತು. ಆ ಹಳೆಯ ದರದಲ್ಲಿ ಲೆಕ್ಕ ಹಾಕಿದರೆ, ತೂತು ಕೊರೆದ ಬಡಗಿಗಳ ಕೂಲಿ ಬೆಕ್ಕಿನ ಎಂಟು ವಾರಗಳ ಸಂಬಳಕ್ಕೆ ಸಮ.

ಬೆಕ್ಕಿಗೆ ಸಂಬಳವೆಂದರೆ ಕನ್ನಡಿಗರಿಗೆ ತೆನಾಲಿ ರಾಮಕೃಷ್ಣ ನೆನಪಾಗದೆ ಇರಲಾರ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಬೆಕ್ಕಿಗೆ ಹಾಲು ಕೊಡಲು ಒಂದು ಹಸು ಹಂಚಿದನಂತೆ. ಬಿಸಿಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ರಾಮಕೃಷ್ಣನ ಬೆಕ್ಕು ಹಾಲು ಕಂಡರೇ ಓಡುವಂತಾದದ್ದು ಎಲ್ಲರೂ ಕೇಳಿದ ಕತೆ. ಎಕ್ಸೆಟರಿನದು ಲೆಕ್ಕದ ಪುಸ್ತಕ, ವಿಜಯನಗರದ್ದು ಜನರ ಬಾಯಿಮಾತು. ಆದರೆ ಎರಡರಲ್ಲೂ ಬೆಕ್ಕು ಮುದ್ದಿನ ಪ್ರಾಣಿಯಲ್ಲ, ನೌಕರಿಯಲ್ಲಿರುವ ಪ್ರಾಣಿ.

ಬಾಗಿಲಿನ ಬೆಕ್ಕಿನ ಕಿಂಡಿ ಎಕ್ಸೆಟರಿನವರ ಆವಿಷ್ಕಾರವೇನಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್‌ಬರಿ ಕತೆಗಳಲ್ಲಿ, ಗಿರಣಿಯವನು ಹೇಳುವ ಕತೆಯಲ್ಲಿ, ಸೇವಕನೊಬ್ಬ ಮುಚ್ಚಿದ ಕೋಣೆಯೊಳಗೆ ಇಣುಕುವುದು ಬೆಕ್ಕು ನುಸುಳುವ ತೂತಿನಿಂದಲೇ. ಕವಿ ಅದಕ್ಕೆ ವಿವರಣೆ ಕೊಡುವ ಗೋಜಿಗೆ ಹೋಗಿಲ್ಲ. ಓದುವವರ ಮನೆಗಳಲ್ಲೂ ಅಂಥ ತೂತು ಇದ್ದಿರಬೇಕು. ಫ್ರೆಂಚರಲ್ಲಿ ಇದಕ್ಕೆ ‘ಶಾತಿಯೇರ್’, ಸ್ಪೇನಿನಲ್ಲಿ ‘ಗಾತೇರಾ’ ಎಂಬ ಸ್ವಂತ ಹೆಸರುಗಳೇ ಇವೆ. ಧಾನ್ಯ ತುಂಬಿದ ಕೊಠಡಿಗೆ ಬೀಗ ಬೇಕು, ಬೆಕ್ಕೂ ಬೇಕು. ಎರಡನ್ನೂ ಹೊಂದಿಸುವ ಉಪಾಯ ಈ ತೂತು.

ನಮ್ಮ ಕಡೆ ಇದರ ಪ್ರಮೇಯ ಅಷ್ಟಾಗಿ ಬರಲಿಲ್ಲ. ಹಗಲೆಲ್ಲ ತೆರೆದಿರುವ ಬಾಗಿಲು, ಸರಳುಗಳ ಕಿಟಕಿ, ಹಂಚಿನ ಮಾಡಿಗೂ ಗೋಡೆಗೂ ನಡುವಣ ಸಂದು – ಬೆಕ್ಕಿಗೆ ದಾರಿಗಳು ಬೇಕಾದಷ್ಟು. ಮಲೆನಾಡಿನ ಮನೆಯ ಬಾಗಿಲ ಬುಡದಲ್ಲಿ ತೂತು ಕೊರೆದರೆ ಅದರಿಂದ ಮೊದಲು ಒಳಗೆ ಬರುವುದು ಬೆಕ್ಕೇ ಆಗಿರುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ವರ್ಷದ ಹೆಚ್ಚು ತಿಂಗಳು ಚಳಿಗೆ ಬಾಗಿಲು ಭದ್ರಪಡಿಸಿಕೊಂಡು ಕೂರುವ ನಾಡಿನ ಸಮಸ್ಯೆ ಇದು.

ಈ ಚರಿತ್ರೆಯಲ್ಲಿ ಐಸಾಕ್ ನ್ಯೂಟನ್ ಹೆಸರು ತಪ್ಪದೆ ಬರುತ್ತದೆ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ತನ್ನ ಕೋಣೆಯ ಬಾಗಿಲಿಗೆ ಆತ ಬೆಕ್ಕಿಗೆಂದು ದೊಡ್ಡ ತೂತನ್ನೂ, ಅದು ಮರಿ ಹಾಕಿದ ಮೇಲೆ ಮರಿಗೆಂದು ಸಣ್ಣ ತೂತನ್ನೂ ಕೊರೆಸಿದ. ಮರಿಯೂ ದೊಡ್ಡ ತೂತಿನಲ್ಲೇ ತಾಯಿಯ ಹಿಂದೆ ಹೋಗಬಹುದೆಂಬುದು ಗುರುತ್ವಾಕರ್ಷಣೆ ಕಂಡವನಿಗೆ ಹೊಳೆಯಲಿಲ್ಲ ಎಂಬುದು ಕತೆ. ಬುದ್ಧಿವಂತರ ಪೆದ್ದುತನದ ಕತೆ ಯಾರಿಗೆ ತಾನೆ ಹಿಡಿಸದು? ಟ್ರಿನಿಟಿಯಲ್ಲಿ ಓದಿದ್ದ ಜೆ.ಎಂ.ಎಫ್. ರೈಟ್ ಎಂಬಾತ 1827ರಲ್ಲಿ ಬರೆದ ಪುಸ್ತಕದಲ್ಲಿ, ಆ ಬಾಗಿಲಿನಲ್ಲಿ ಬೆಕ್ಕಿನಳತೆಯ, ಮರಿಯಳತೆಯ ಎರಡು ಮುಚ್ಚಿದ ತೂತುಗಳಿದ್ದುದು ನಿಜ ಎಂದಿದ್ದಾನೆ. ಆದರೆ ಅದು ನ್ಯೂಟನ್ ಸತ್ತು ನೂರು ವರ್ಷವಾದ ಮೇಲಿನ ಮಾತು. ನ್ಯೂಟನ್ನನ ಬಳಿ ಸುಮಾರು ಐದು ವರ್ಷ ಸಹಾಯಕನಾಗಿದ್ದ ಹಂಫ್ರಿ ನ್ಯೂಟನ್, ಆತನ ಕೋಣೆಯಲ್ಲಿ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಕಣ್ಣಾರೆ ಕಂಡವನ ಮಾತಿಗೇ ತೂಕ ಹೆಚ್ಚು. ಬೆಕ್ಕಿನ ಕಿಂಡಿಯನ್ನು ಕಂಡುಹಿಡಿದವನೇ ನ್ಯೂಟನ್ ಎನ್ನುವವರು ಚಾಸರನನ್ನೂ ಎಕ್ಸೆಟರಿನ ಲೆಕ್ಕವನ್ನೂ ಮರೆತಿರುತ್ತಾರೆ, ಅಷ್ಟೆ.

ತೂತಿಗೊಂದು ಕದ

ಬರೀ ತೂತಿನಲ್ಲಿ ಬೆಕ್ಕಿನೊಂದಿಗೆ ಗಾಳಿ, ಮಳೆ, ಮಂಜೂ ಬರುತ್ತವೆ. ಅದಕ್ಕಾಗಿ ಬಂದದ್ದು ‘ಕ್ಯಾಟ್ ಫ್ಲ್ಯಾಪ್’. ಮೇಲಂಚಿನಲ್ಲಿ ಕೀಲಿರುವ, ತಲೆಯಿಂದ ತಳ್ಳಿದರೆ ಎರಡೂ ಕಡೆ ತೂಗುವ ಪುಟ್ಟ ಕದ ಅದು. ಈಗ ಸಿಗುವವು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಕದದ ಕೆಳ ಅಂಚಿಗೊಂದು, ಚೌಕಟ್ಟಿಗೊಂದು ಅಯಸ್ಕಾಂತ ಇರುವುದರಿಂದ ಗಾಳಿಗೆ ಪಟಪಟ ಬಡಿದುಕೊಳ್ಳದೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಅಂಚಿಗೆ ಬ್ರಷ್ಷಿನಂಥ ಕೂದಲಿನ ಪಟ್ಟಿ ಇರುವುದೂ ಉಂಟು. ಒಳ್ಳೆಯವುಗಳಲ್ಲಿ ನಾಲ್ಕು ಬಗೆಯಲ್ಲಿ ನಿಲ್ಲುವ ಚಿಲಕ ಇರುತ್ತದೆ: ಎರಡೂ ಕಡೆ ಮುಕ್ತ, ಒಳಬರಲು ಮಾತ್ರ, ಹೊರಹೋಗಲು ಮಾತ್ರ, ಪೂರ್ತಿ ಬಂದ್.

ಇದನ್ನು ಮರದ ಬಾಗಿಲಿಗೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಕಷ್ಟವಿರುವುದು ಗರಗಸದಲ್ಲಿ ಅಲ್ಲ, ಅಳತೆಯಲ್ಲಿ. ಮೊದಲು ಅಳೆಯಬೇಕಾದದ್ದು ಬಾಗಿಲನ್ನಲ್ಲ, ಬೆಕ್ಕನ್ನು. ನಿಂತ ಬೆಕ್ಕಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಕಿಂಡಿಯ ಕೆಳ ಅಂಚು ಅಷ್ಟು ಎತ್ತರದಲ್ಲಿರಬೇಕು. ಸಾಧಾರಣ ಬೆಕ್ಕಿಗೆ ಅದು ಸುಮಾರು 15 ಸೆಂಟಿಮೀಟರ್. ಹೆಚ್ಚಾದರೆ ಬೆಕ್ಕು ಹಾರಬೇಕು, ಕಡಿಮೆಯಾದರೆ ತೆವಳಬೇಕು. ಎರಡೂ ಅದರ ಗೌರವಕ್ಕೆ ಕುಂದು. ಬಾಗಿಲ ಹೊರಗೆ ಮೆಟ್ಟಿಲಿದ್ದರೆ ಹೊರಗಿನ ನೆಲ ತಗ್ಗಿನಲ್ಲಿರುತ್ತದೆ. ಹಿಂದಿರುಗುವಾಗ ಕಾಲೂರಲು ಅಲ್ಲೊಂದು ಹಲಗೆಯನ್ನೋ ಇಟ್ಟಿಗೆಯನ್ನೋ ಇಡಬೇಕಾಗುತ್ತದೆ. ಅಗಲದ ಚಿಂತೆ ಕಡಿಮೆ. ಬೆಕ್ಕಿನ ಕೊರಳೆಲುಬು ಬೇರೆ ಮೂಳೆಗಳಿಗೆ ಬೆಸೆದುಕೊಂಡಿಲ್ಲ. ಆದ್ದರಿಂದ ತಲೆ ತೂರಿದ ಕಡೆ ಭುಜವೂ ತೂರುತ್ತದೆ. ಮನೆಯವರು ಅತಿಯಾಗಿ ತಿನ್ನಿಸಿ ಬೆಳೆಸಿದ ಹೊಟ್ಟೆಯ ಮಾತು ಬೇರೆ.

ಅಳತೆಯಾದ ಮೇಲೆ ಫ್ಲ್ಯಾಪಿನ ಜೊತೆ ಬರುವ ಕಾಗದದ ನಮೂನೆಯನ್ನು ಬಾಗಿಲಿಗೆ ಅಂಟಿಸಿ ಗೆರೆ ಎಳೆಯುತ್ತಾರೆ. ಗೆರೆ ನೆಲಕ್ಕೆ ಸಮನಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುವುದು ಒಳ್ಳೆಯದು. ಓರೆಯಾದರೆ ಕದ ಒಂದು ಮಗ್ಗುಲಿಗೆ ಉಜ್ಜುತ್ತದೆ. ಚೌಕದ ನಾಲ್ಕು ಮೂಲೆಗಳ ಒಳಗಡೆ, ಗರಗಸದ ಅಲಗು ಇಳಿಯುವಷ್ಟು ದಪ್ಪದ ತೂತುಗಳನ್ನು ಡ್ರಿಲ್ಲಿನಿಂದ ಕೊರೆದು, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಗರಗಸದಿಂದ ಕೊಯ್ಯಬೇಕು. ಕೊಯ್ದ ಹಸಿ ಅಂಚಿಗೆ ಬಣ್ಣವನ್ನೋ ವಾರ್ನಿಷನ್ನೋ ಬಳಿಯದಿದ್ದರೆ ನೀರು ಕುಡಿದು ಮರ ಉಬ್ಬುತ್ತದೆ. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಕೊನೆಗೆ ಒಳಗಿನ ಅರ್ಧ, ಹೊರಗಿನ ಅರ್ಧ ಎರಡನ್ನೂ ಇಟ್ಟು ಸ್ಕ್ರೂ ಬಿಗಿದರಾಯಿತು.

ಗಾಜಿನ ಬಾಗಿಲಾದರೆ ಗರಗಸ ಮುಟ್ಟುವಂತಿಲ್ಲ. ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕೊರೆಯಹೋದರೆ ಚೂರುಚೂರಾಗುತ್ತದೆ. ಮೊದಲೇ ತೂತು ಮಾಡಿ ನಂತರ ಗಟ್ಟಿ ಮಾಡಿಸಿದ ಹೊಸ ಗಾಜು ತರಿಸಬೇಕು. ಚಳಿ ತಡೆಯಲು ಹಾಕುವ ಎರಡು ಪದರದ ಗಾಜಿಗೂ ಇದೇ ನಿಯಮ. ಬೆಂಕಿ ತಡೆಯಲೆಂದು ಕೂರಿಸಿದ ಬಾಗಿಲನ್ನಂತೂ ಕೊರೆಯಲೇಬಾರದು. ಕೊರೆದರೆ ಅದು ಬೆಂಕಿಗೂ ಬಾಗಿಲು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ಒಳಗಿನ ಚಿಲಕ, ಬೀಗದ ಕೈ ಇವು ಕಿಂಡಿಯಿಂದ ಕೈ ಹಾಕಿದರೆ ಸಿಗುವಷ್ಟು ಹತ್ತಿರದಲ್ಲಿರಕೂಡದು.

ಇಷ್ಟೆಲ್ಲ ಮಾಡಿದ ಮೇಲೆ ಬೆಕ್ಕು ಅದರತ್ತ ತಿರುಗಿಯೂ ನೋಡದಿರಬಹುದು. ಅದಕ್ಕೆ ಮದ್ದು ತಾಳ್ಮೆ. ಮೊದಲ ಕೆಲವು ದಿನ ಕದವನ್ನು ಟೇಪು ಹಚ್ಚಿ ಮೇಲಕ್ಕೆತ್ತಿಟ್ಟು, ಆಚೆ ಬದಿಯಲ್ಲಿ ಮೀನಿನ ಚೂರು ಇಟ್ಟು ಕರೆಯಬೇಕು. ರೂಢಿಯಾದಂತೆ ಕದವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದರೆ ತಳ್ಳುವುದನ್ನು ತಾನೇ ಕಲಿಯುತ್ತದೆ. ಹಿಡಿದು ತೂರಿಸಲು ಹೋದರೆ ಆಮೇಲೆ ಹತ್ತಿರವೂ ಸುಳಿಯದು.

ಕರೆಯದೆ ಬರುವ ಅತಿಥಿಗಳು

ಒಂದು ಬೆಕ್ಕಿಗೆ ತೆರೆಯುವ ಕದ ಇನ್ನೊಂದಕ್ಕೂ ತೆರೆಯುತ್ತದೆ. ನೆರೆಮನೆಯ ಗಂಡುಬೆಕ್ಕು ಬಂದು ಅನ್ನದ ತಟ್ಟೆ ನೆಕ್ಕಿ, ಸೋಫಾದ ಮೇಲೆ ಗುರುತು ಬಿಟ್ಟು ಹೋದರೆ ಮನೆಯ ಬೆಕ್ಕು ತನ್ನ ಮನೆಯಲ್ಲೇ ಹೆದರಿ ಮುದುಡುತ್ತದೆ. ಇದಕ್ಕೆ ಮೊದಲು ಬಂದ ಉಪಾಯ, ಬೆಕ್ಕಿನ ಕೊರಳಪಟ್ಟಿಗೆ ಅಯಸ್ಕಾಂತದ ಕೀಲಿ. ಅದು ಹತ್ತಿರ ಬಂದರೆ ಚಿಲಕ ಸರಿಯುತ್ತದೆ. ಆದರೆ ಅದೇ ಅಯಸ್ಕಾಂತ ಹೊಂದಿದ ಪಕ್ಕದ ಮನೆಯ ಬೆಕ್ಕಿಗೂ ಕದ ತೆರೆಯುತ್ತಿತ್ತು. ಕೊರಳಪಟ್ಟಿ ಎಲ್ಲೋ ಕಳಚಿ ಬಿದ್ದರೆ ಮನೆಯ ಬೆಕ್ಕೇ ಹೊರಗೆ. ಬೆಕ್ಕುಗಳು ಕೊರಳಿಗೆ ಮೊಳೆ, ಪಿನ್ನು ಅಂಟಿಸಿಕೊಂಡು ಮನೆಗೆ ಬರುವುದೂ ಇತ್ತು.

ಕೀಲಿಯನ್ನು ಕೊರಳಿನಿಂದ ಚರ್ಮದೊಳಕ್ಕೆ ದಾಟಿಸಿದ್ದು ಮೈಕ್ರೋಚಿಪ್. ಅಕ್ಕಿಕಾಳಿನಷ್ಟಿರುವ ಈ ಚಿಪ್ಪನ್ನು ಪಶುವೈದ್ಯರು ಬೆಕ್ಕಿನ ಹೆಗಲ ನಡುವಣ ಚರ್ಮದಡಿ ಸೂಜಿಯಿಂದ ಇಳಿಸುತ್ತಾರೆ. ಇದರಲ್ಲಿ ಬ್ಯಾಟರಿ ಇಲ್ಲ. ಕಿಂಡಿಯ ಚೌಕಟ್ಟಿನಲ್ಲಿರುವ ತಂತಿಯ ಸುರುಳಿ ಹೊರಡಿಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ತಿಳಿಸುತ್ತದೆ. ಸಂಖ್ಯೆ ಪರಿಚಯದ್ದಾದರೆ ಚಿಲಕ ಕಳಚುತ್ತದೆ. ಕಳೆದುಹೋದ ಪ್ರಾಣಿಯನ್ನು ಪತ್ತೆ ಮಾಡಲೆಂದಿದ್ದ ಚಿಪ್ಪನ್ನು ಹೀಗೆ ಬೀಗದ ಕೈಯಾಗಿ ಬಳಸುವ ಫ್ಲ್ಯಾಪೊಂದನ್ನು ರೂಪಿಸಿ 2008ರಲ್ಲಿ ಮಾರುಕಟ್ಟೆಗೆ ತಂದವರು ನಿಕ್ ಹಿಲ್ ಎಂಬ ಭೌತವಿಜ್ಞಾನಿ. ಅವರೂ ಕೇಂಬ್ರಿಜ್‌ನವರೇ ಎನ್ನುವುದು ನ್ಯೂಟನ್ ಕತೆಯನ್ನು ನಂಬುವವರಿಗೆ ಖುಷಿ ಕೊಟ್ಟೀತು. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಸಾಕುಬೆಕ್ಕಿಗೆ ಚಿಪ್ ಕಡ್ಡಾಯವಾಗಿದ್ದು, ತಪ್ಪಿದರೆ 500 ಪೌಂಡ್‌ವರೆಗೆ ದಂಡವಿದೆ. ಅಲ್ಲಿಗೆ ಪ್ರತಿ ಬೆಕ್ಕೂ ತನ್ನ ಮನೆಯ ಕೀಲಿಯನ್ನು ಮೈಯಲ್ಲೇ ಹೊತ್ತು ತಿರುಗುವಂತಾಯಿತು.

ಬಾಯಲ್ಲಿ ಇಲಿ

ಆದರೆ ಚಿಪ್ಪಿಗೆ ತಿಳಿಯುವುದು ಬಂದವರು ಯಾರು ಎಂಬುದು ಮಾತ್ರ, ಏನು ತಂದಿದ್ದಾರೆ ಎಂಬುದಲ್ಲ. ಎಕ್ಸೆಟರಿನಲ್ಲಿ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಬೆಕ್ಕು ಇಂದಿಗೂ ಬಿಟ್ಟಿಲ್ಲ. ಬದಲಾಗಿರುವುದು ಮನೆಯವರು. ಅರೆಜೀವದ ಇಲಿಯೋ ಗುಬ್ಬಿಯೋ ಅಡುಗೆಮನೆಗೆ ಬಂದರೆ ಈಗ ಸಂತೋಷಪಡುವವರು ಯಾರೂ ಇಲ್ಲ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಲ್ಲಿ ಮೂರನೆಯವರಾಗಿ ಮನೆಯ ಯಜಮಾನರೂ ಸೇರಿಕೊಂಡಿದ್ದಾರೆ.

ವಿಷಯ ಮನೆಯ ಸ್ವಚ್ಛತೆಯದು ಮಾತ್ರವಲ್ಲ. ಬ್ರಿಟನ್ನಿನಲ್ಲಿ 1997ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಡೆದ ಸಮೀಕ್ಷೆಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ಅಂದಾಜಿನಂತೆ, ದೇಶದ ಸುಮಾರು 90 ಲಕ್ಷ ಬೆಕ್ಕುಗಳು ಆ ಐದು ತಿಂಗಳಲ್ಲಿ ಮನೆಗೆ ತಂದ ಬೇಟೆ ಸುಮಾರು 9 ಕೋಟಿ 20 ಲಕ್ಷ. ಅದರಲ್ಲಿ ಹಕ್ಕಿಗಳೇ 2 ಕೋಟಿ 70 ಲಕ್ಷ. ಕೊಂದು ಹೊರಗೇ ಬಿಟ್ಟುಬಂದವು ಈ ಲೆಕ್ಕದಲ್ಲಿಲ್ಲ. ಕಿಂಡಿ ಕೊರೆಸುವವರು ತಮ್ಮ ಬೆಕ್ಕಿಗೆ ಸ್ವಾತಂತ್ರ್ಯ ಕೊಡುವಾಗ ಅದರ ವೆಚ್ಚವನ್ನು ತೋಟದ ಹಕ್ಕಿಗಳ ಖಾತೆಗೆ ಬರೆಯುತ್ತಿರುತ್ತಾರೆ. ಬೆಕ್ಕಿಗೆ ಇದರ ಅರಿವಿಲ್ಲ. ಚಿಲಕ ಇರುವುದು ಮನುಷ್ಯನ ಕೈಯಲ್ಲಿ. ಹಕ್ಕಿಗಳು ಹೆಚ್ಚು ಚುರುಕಾಗಿರುವ ನಸುಕು ಮತ್ತು ಮುಸ್ಸಂಜೆಯಲ್ಲಿ ಕಿಂಡಿಯನ್ನು ಬಂದ್ ಮಾಡಿಡಿ ಎಂಬ ಸಲಹೆ ಹುಟ್ಟಿದ್ದು ಇದಕ್ಕಾಗಿಯೇ.

2019ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅಮೆಜಾನ್ ಕಂಪನಿಯ ಉದ್ಯೋಗಿಯೊಬ್ಬ ತನ್ನ ಬೆಕ್ಕು ಮೆಟ್ರಿಕ್‌ಗಾಗಿ ಒಂದು ಏರ್ಪಾಟು ಮಾಡಿದ. ಕಿಂಡಿಯ ಮೇಲೊಂದು ಕ್ಯಾಮೆರಾ, ಅದರ ಹಿಂದೊಂದು ಕಂಪ್ಯೂಟರ್. ಬರುತ್ತಿರುವ ಬೆಕ್ಕಿನ ಬಾಯಲ್ಲಿ ಬೇಟೆಯಿದೆಯೇ ಎಂದು ಗುರುತಿಸಲು ಸಾವಿರಾರು ಚಿತ್ರಗಳನ್ನು ತೋರಿಸಿ ಅದಕ್ಕೆ ಕಲಿಸಲಾಗಿತ್ತು. ಇದೆ ಎಂದಾದರೆ ಕಿಂಡಿಗೆ 15 ನಿಮಿಷ ಬೀಗ, ಯಜಮಾನನಿಗೆ ಸಂದೇಶ, ಜೊತೆಗೆ ಹಕ್ಕಿಗಳ ರಕ್ಷಣೆಗೆ ದುಡಿಯುವ ಆಡುಬಾನ್ ಸೊಸೈಟಿಗೆ ತಾನೇ ತಾನಾಗಿ ಒಂದಿಷ್ಟು ದೇಣಿಗೆ. ಸುಮಾರು ಐದು ವಾರಗಳಲ್ಲಿ ಬೇಟೆಯೊಂದಿಗೆ ಬಂದ ಏಳು ಸಲದಲ್ಲಿ ಆರು ಸಲ ಮೆಟ್ರಿಕ್ ಹೊರಗೆ ಉಳಿಯಿತು. ಒಮ್ಮೆ ತಪ್ಪಿಲ್ಲದೆಯೂ ಶಿಕ್ಷೆ ಅನುಭವಿಸಿತು. 1598ರಲ್ಲಿ ಇಲಿ ಹಿಡಿಯಲಿ ಎಂದು ತೆರೆದ ಬಾಗಿಲು, ಇಲಿ ಹಿಡಿದದ್ದಕ್ಕಾಗಿಯೇ ಮುಚ್ಚಿಕೊಳ್ಳುವ ಕಾಲ ಬಂದಿತ್ತು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಕೊರಳಪಟ್ಟಿಯ ಗಂಟೆ ಅಂಗಡಿಯಲ್ಲೇ ಸಿಗುತ್ತದೆ. ಉಪಯೋಗವೆಷ್ಟು ಎಂಬುದೇ ಅನುಮಾನ. ಬೆಕ್ಕಿನ ಬೇಟೆಯನ್ನು ಕಡಿಮೆ ಮಾಡುವುದು ಹೇಗೆಂದು 355 ಬೆಕ್ಕುಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಟೆಯಿಂದ ಎದ್ದು ಕಾಣುವ ಪರಿಣಾಮ ಆಗಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಆಹಾರ ಹಾಕಿದಾಗ ಮನೆಗೆ ತರುವ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಮನೆಯವರು ಬೆಕ್ಕಿನೊಂದಿಗೆ ಆಟವಾಡಿದಾಗ ಇಳಿದದ್ದು ಶೇ. 25. ಅಧ್ಯಯನ ನಡೆಸಿದ್ದು ಎಕ್ಸೆಟರ್ ವಿಶ್ವವಿದ್ಯಾಲಯ.